ಎಡ್‌ಟೆಕ್ ಪಿಎಚ್‌ಡಿ ಮಧ್ಯೆ ವಿದೇಶದ ಲ್ಯಾಬ್‌ಗೆ ಹೋಗುವುದು ಹೇಗೆ: ಡೇಟಾ ಮೊದಲು, ವೀಸಾ ಆಮೇಲೆ

ಪಿಎಚ್‌ಡಿ ಮಾಡುತ್ತಿರುವವರು ವಿದೇಶದ ಲ್ಯಾಬ್‌ಗೆ ಹೋಗುವ ವಿಷಯದಲ್ಲಿ ಮೊದಲು ಕೇಳುವುದು ‘ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಲಿ?’ ಅಂತ. ಆಮೇಲೆ ‘ಯಾವ ದೇಶ ಒಳ್ಳೇದು?’ ಅಂತ. ಎರಡಕ್ಕೂ ಇನ್ನೂ ಟೈಮ್ ಇದೆ. ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಬೇರೆ: ನನ್ನ ಕೈಯಲ್ಲಿ ಡೇಟಾ ಇದೆಯಾ? ಆ ಡೇಟಾ ಇಟ್ಟುಕೊಂಡು ಇಲ್ಲಿ ಯಾರಿಂದಲೂ ಕಲಿಯೋಕೆ ಆಗದ ಯಾವ ಕೆಲಸ ಬಾಕಿ ಇದೆ? ಇದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಹೇಳೋಕೆ ಬಂದರೆ ಉಳಿದದ್ದೆಲ್ಲ ಓಡಾಟ, ಅರ್ಜಿ, ಕಾಯುವ ಕೆಲಸ. ಬರದಿದ್ದರೆ ಫೆಲೋಶಿಪ್ ಸಿಕ್ಕರೂ ಆರು ತಿಂಗಳು ಚಳಿಯಲ್ಲಿ ಲೈಬ್ರರಿ ನೋಡಿಕೊಂಡು ವಾಪಸ್ ಬರುತ್ತೀರಿ, ಅಷ್ಟೆ.

ನಾನು ಹೇಳುತ್ತಿರುವುದು ಶಿಕ್ಷಣ ತಂತ್ರಜ್ಞಾನದ ಸಂಶೋಧನೆ ಬಗ್ಗೆ. ಆಪ್ ಮಾರುವ ಕಂಪನಿಗಳ ಎಡ್‌ಟೆಕ್ ಬಗ್ಗೆ ಅಲ್ಲ. ಓದುತ್ತಿರುವುದು ಭಾರತದ ವಿಶ್ವವಿದ್ಯಾಲಯದಲ್ಲೇ, ಡಿಗ್ರಿ ಬರುವುದೂ ಇಲ್ಲಿಂದಲೇ. ನಡುವೆ ಮೂರರಿಂದ ಹನ್ನೆರಡು ತಿಂಗಳು ಹೊರಗಿನ ಒಂದು ಗುಂಪಿನ ಜೊತೆ ಕೂತು ಕೆಲಸ ಮಾಡಿ ಬರುವುದು. ಅಲ್ಲೇ ಪಿಎಚ್‌ಡಿಗೆ ಸೇರುವುದು ಪೂರ್ತಿ ಬೇರೆ ಕಥೆ.

ಯಾರಿಗೆ ನಿಜವಾಗಿ ಉಪಯೋಗ

ನಮ್ಮಲ್ಲಿ ಈ ವಿಷಯಕ್ಕೇ ಮೀಸಲಾದ ವಿಭಾಗಗಳು ಕಡಿಮೆ. ಐಐಟಿ ಬಾಂಬೆಯಲ್ಲಿ 2010ರಲ್ಲಿ ಎಜುಕೇಷನಲ್ ಟೆಕ್ನಾಲಜಿಯ ಪಿಎಚ್‌ಡಿ ಕಾರ್ಯಕ್ರಮ ಶುರುವಾಯಿತು, ಅಲ್ಲಿ ಓದುವವರಿಗೆ ಅಕ್ಕಪಕ್ಕ ಇದೇ ಮಾತಾಡುವ ಜನ ಇರುತ್ತಾರೆ. ಕರ್ನಾಟಕದಲ್ಲಿ ಹೆಚ್ಚಿನವರು ಬರುವುದು ಎರಡು ದಾರಿಯಿಂದ. ಒಂದು, ಶಿಕ್ಷಣ ವಿಭಾಗ. ಅಲ್ಲಿ ಗೈಡ್‌ಗೆ ಶಾಲೆ ಗೊತ್ತು, ಶಿಕ್ಷಕರು ಗೊತ್ತು, ಆದರೆ ಒಂದು ಟ್ಯಾಬ್‌ನಿಂದ ಬಂದ ಎರಡು ಲಕ್ಷ ಸಾಲಿನ ಲಾಗ್ ಫೈಲ್ (ಮಕ್ಕಳು ಯಾವಾಗ ಏನು ಒತ್ತಿದರು ಅನ್ನುವ ದಾಖಲೆ) ಮುಂದಿಟ್ಟರೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ಇನ್ನೊಂದು, ಕಂಪ್ಯೂಟರ್ ಸೈನ್ಸ್ ವಿಭಾಗ. ಅಲ್ಲಿ ಮಾಡೆಲ್ ಕಟ್ಟುವವರು ಸಾಕಷ್ಟಿದ್ದಾರೆ, ಸರ್ಕಾರಿ ಶಾಲೆಯ ಏಳನೇ ತರಗತಿಯಲ್ಲಿ ಒಂದು ಪೂರ್ತಿ ಪೀರಿಯಡ್ ಕೂತವರು ಸಿಗುವುದು ಕಷ್ಟ. ಎರಡೂ ಕಡೆಯವರಿಗೆ ಪಿಎಚ್‌ಡಿಯ ಅರ್ಧ ಭಾಗ ಮನೆಯಲ್ಲೇ ಸಿಗುತ್ತದೆ, ಇನ್ನರ್ಧಕ್ಕೆ ಹುಡುಕಬೇಕು. ಹೊರಗೆ ಹೋಗುವುದು ಆ ಇನ್ನರ್ಧಕ್ಕಾಗಿ. ನಿಮ್ಮಲ್ಲಿ ಯಾವ ಅರ್ಧ ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಮುಂದೆ ಮೇಲ್‌ಗೆ, ಅರ್ಜಿಗೆ, ಇಂಟರ್‌ವ್ಯೂಗೆ ಎಲ್ಲದಕ್ಕೂ ಇದೇ ಬೇಕು.

ಬರೀ ಹೆಸರಿಗೋಸ್ಕರ, ರೆಸ್ಯೂಮೆಯಲ್ಲಿ ಒಂದು ಸಾಲು ಸೇರಲಿ ಅಂತ ಹೋಗುವುದಾದರೆ ಖರ್ಚಿಗೆ ಹೋಲಿಸಿದರೆ ಲಾಭ ಕಡಿಮೆ. ಅಂಥವರಿಗೆ ಒಂದೆರಡು ವಾರದ ಸಮ್ಮರ್ ಸ್ಕೂಲ್ ಸಾಕು. ಯುರೋಪಿನಲ್ಲಿ ಈಎ-ಟೆಲ್ ಸಂಸ್ಥೆ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅಂತಲೇ ಸಮ್ಮರ್ ಸ್ಕೂಲ್ ನಡೆಸುತ್ತದೆ. ಲರ್ನಿಂಗ್ ಅನಲಿಟಿಕ್ಸ್, ಅಂದರೆ ಕಲಿಕೆಯ ಡೇಟಾ ವಿಶ್ಲೇಷಣೆಯವರ ಸೋಲಾರ್ ಸಂಘಟನೆಯದ್ದು ಲಾಸಿ ಅಂತ ಒಂದು ಸಮ್ಮರ್ ಸ್ಕೂಲ್ ಇದೆ. ಏಷ್ಯಾದಲ್ಲಿ ಕಂಪ್ಯೂಟರ್ ಮತ್ತು ಶಿಕ್ಷಣದ ಬಗ್ಗೆ ಐಸಿಸಿಇ ಸಮ್ಮೇಳನ ನಡೆಯುತ್ತದೆ, ಅದರಲ್ಲಿ ಡಾಕ್ಟೋರಲ್ ವಿದ್ಯಾರ್ಥಿಗಳಿಗೆ ಬೇರೆ ಕಾರ್ಯಕ್ರಮವೇ ಇರುತ್ತದೆ. ಲ್ಯಾಬ್‌ಗೆ ಹೋಗಬೇಕು ಅನ್ನುವವರೂ ಇವುಗಳಲ್ಲಿ ಒಂದಕ್ಕಾದರೂ ಮೊದಲು ಹೋಗಿ ಬಂದರೆ ಒಳ್ಳೆಯದು. ಚಹಾ ವಿರಾಮದಲ್ಲಿ ಹತ್ತು ನಿಮಿಷ ಮಾತಾಡಿದ ಪ್ರೊಫೆಸರ್‌ಗೆ ಬರೆಯುವ ಮೇಲ್‌ಗೂ ಮುಖವೇ ನೋಡದವರಿಗೆ ಬರೆಯುವ ಮೇಲ್‌ಗೂ ಬರುವ ಉತ್ತರದಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ.

ಯಾವಾಗ ಹೋಗಬೇಕು

ಕೋರ್ಸ್‌ವರ್ಕ್ ಮುಗಿದಿರಬೇಕು, ಸಿನಾಪ್ಸಿಸ್ ಒಪ್ಪಿಗೆ ಆಗಿರಬೇಕು, ಒಂದು ಸುತ್ತು ಡೇಟಾ ಸಂಗ್ರಹ ಆಗಿರಬೇಕು. ಥೀಸಿಸ್ ಬರೆಯೋಕೆ ಕೂರುವ ಮೊದಲು ಹೋಗಬೇಕು. ಅಂದರೆ ಸುಮಾರಾಗಿ ಮೂರನೇ ವರ್ಷದ ಆಸುಪಾಸು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಅದರ ಮೇಲೆ ವಿಸ್ತರಣೆ ಬೇರೆ. ಹೊರಗೆ ಇದ್ದ ತಿಂಗಳುಗಳಿಗೆ ಗಡಿಯಾರ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಐದನೇ ವರ್ಷದಲ್ಲಿ ಹೊರಟವರು ಅಲ್ಲಿ ಹೊಸ ಐಡಿಯಾ ಸಿಕ್ಕಿ ಖುಷಿಪಡುವ ಬದಲು ಗಾಬರಿ ಬೀಳುತ್ತಾರೆ, ಯಾಕೆಂದರೆ ಅದನ್ನು ಥೀಸಿಸ್‌ಗೆ ಸೇರಿಸೋಕೆ ಸಮಯವೇ ಉಳಿದಿರುವುದಿಲ್ಲ.

ಇನ್ನೊಂದು ಲೆಕ್ಕ ಯಾರೂ ಹೇಳಿಕೊಡುವುದಿಲ್ಲ, ಅದು ಎರಡು ದೇಶದ ಶಾಲಾ ಕ್ಯಾಲೆಂಡರ್ ಹೊಂದಿಸುವುದು. ನಮ್ಮ ಶಾಲೆಗಳು ಜೂನ್ ಹೊತ್ತಿಗೆ ಶುರು, ನಡುವೆ ದಸರಾ ರಜೆ, ಜನವರಿ ಕಳೆದರೆ ಪೂರ್ವಸಿದ್ಧತಾ ಪರೀಕ್ಷೆ, ರಿವಿಜನ್ ಅಂತ ಹೆಡ್‌ಮಾಸ್ಟರ್ ನಿಮ್ಮನ್ನು ಗೇಟಿನ ಒಳಗೇ ಬಿಡುವುದಿಲ್ಲ. ಹಾಗಾಗಿ ಜೂನ್‌ನಿಂದ ಡಿಸೆಂಬರ್‌ವರೆಗೆ ಡೇಟಾ ತೆಗೆದು, ಫೆಬ್ರುವರಿ ಮಾರ್ಚ್‌ನಲ್ಲಿ ಯುರೋಪಿಗೆ ಹೋದರೆ ಚೆನ್ನಾಗಿ ಕೂಡಿಬರುತ್ತದೆ. ಜೂನ್ ಮುಗಿಯುವ ಹೊತ್ತಿಗೆ ಅಲ್ಲಿನ ಮುಖ್ಯ ಕೆಲಸ ಮುಗಿಸಿಕೊಳ್ಳಿ. ಫಿನ್ಲೆಂಡ್‌ನಲ್ಲಿ ಜುಲೈ ಪೂರ್ತಿ ಕಾರಿಡಾರ್ ಖಾಲಿ, ಎಲ್ಲರೂ ಕೆರೆ ಪಕ್ಕದ ಮನೆಗಳಿಗೆ ಹೋಗಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ಇದೇ ಪರಿಸ್ಥಿತಿ ಜನವರಿಯಲ್ಲಿ. ಜಪಾನ್‌ನಲ್ಲಿ ಶೈಕ್ಷಣಿಕ ವರ್ಷ ಏಪ್ರಿಲ್‌ಗೆ ಶುರು, ಮಾರ್ಚ್‌ನಲ್ಲಿ ಲ್ಯಾಬ್‌ನವರು ಹಳಬರನ್ನು ಕಳಿಸಿ ಹೊಸಬರನ್ನು ಸೇರಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಅಮೆರಿಕದಲ್ಲಿ ಬೇಸಿಗೆ ಅಂದರೆ ಪ್ರೊಫೆಸರ್ ಊರಲ್ಲಿ ಇರುತ್ತಾರೋ ಇಲ್ಲವೋ ಅಂತ ಕೇಳಿಯೇ ಟಿಕೆಟ್ ಮಾಡಬೇಕು.

ಎಷ್ಟು ದಿನ ಅಂತ ಕೇಳಿದರೆ ನನ್ನ ಲೆಕ್ಕದಲ್ಲಿ ಆರು ತಿಂಗಳು. ಮೂರು ತಿಂಗಳಲ್ಲಿ ಮನೆ, ಬ್ಯಾಂಕ್, ಐಡಿ ಕಾರ್ಡ್ ಅಂತ ಮೊದಲ ತಿಂಗಳು ಹೋಗುತ್ತದೆ, ಕೊನೆಯ ಎರಡು ವಾರ ಹೊರಡುವ ತಯಾರಿಗೆ. ಕೆಲಸಕ್ಕೆ ಉಳಿಯುವುದು ಒಂದೂವರೆ ತಿಂಗಳು, ಅಷ್ಟೆ.

ಲ್ಯಾಬ್ ಹುಡುಕುವುದು

ವಿಶ್ವವಿದ್ಯಾಲಯದ ರ್‍ಯಾಂಕಿಂಗ್ ನೋಡಬೇಡಿ. ಈ ವಿಷಯದಲ್ಲಿ ಒಳ್ಳೆಯ ಗುಂಪುಗಳು ಎಲ್ಲೆಲ್ಲೋ ಇವೆ. ಫಿನ್ಲೆಂಡ್‌ನ ಔಲು ಊರಿನ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಆದರೆ ಮಕ್ಕಳು ಗುಂಪಿನಲ್ಲಿ ಕಲಿಯುವಾಗ ತಮ್ಮ ಕಲಿಕೆಯನ್ನು ತಾವೇ ಹೇಗೆ ನಿಭಾಯಿಸಿಕೊಳ್ಳುತ್ತಾರೆ ಅನ್ನುವ ವಿಷಯಕ್ಕೆ ಅಲ್ಲಿನ ಸನ್ನ ಯಾರ್ವೆಲಾ ಅವರ ಗುಂಪು ತುಂಬಾ ಹೆಸರುವಾಸಿ. ನೀವು ತರಗತಿಯ ವಿಡಿಯೊ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರೆ ಅಂಥ ಕಡೆ ಹೋಗಬೇಕು. ಡಿಜಿಟಲ್ ಪಠ್ಯಪುಸ್ತಕದ ಲಾಗ್ ಡೇಟಾ ಇದ್ದರೆ ಕ್ಯೋಟೋ ವಿಶ್ವವಿದ್ಯಾಲಯದ ಹಿರೋಆಕಿ ಒಗಾಟಾ ಅವರ ಗುಂಪು ನೋಡಿ. ಅವರ ಬುಕ್‌ರೋಲ್ ಅನ್ನುವ ಇ-ಬುಕ್ ರೀಡರ್ ಅಲ್ಲಿನ ಶಾಲೆಗಳಲ್ಲೇ ಬಳಕೆಯಲ್ಲಿದೆ, ಮಕ್ಕಳು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು, ಎಲ್ಲಿ ಗೆರೆ ಎಳೆದರು ಅನ್ನುವುದರ ಮೇಲೆ ಅವರ ಸಂಶೋಧನೆ ನಡೆಯುತ್ತದೆ. ಐಐಟಿ ಬಾಂಬೆಯಿಂದ ಆ ಗುಂಪಿಗೆ ಹೋಗಿ ಕೆಲಸ ಮಾಡಿದವರೂ ಇದ್ದಾರೆ.

ಹಂತ ಹಂತವಾಗಿ ಸುಳಿವು ಕೊಟ್ಟು ಲೆಕ್ಕ ಕಲಿಸುವ ಇಂಟೆಲಿಜೆಂಟ್ ಟ್ಯೂಟರ್ ಸಾಫ್ಟ್‌ವೇರ್ ನಿಮ್ಮ ವಿಷಯ ಅಂದರೆ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್. ಡೇಟಾಶಾಪ್ ಅನ್ನುವ ಅವರ ಆನ್‌ಲೈನ್ ಡೇಟಾ ಸಂಗ್ರಹದಲ್ಲಿ ಎಷ್ಟೋ ಡೇಟಾಸೆಟ್‌ಗಳು ಸಿಗುತ್ತವೆ, ಹೋಗುವ ಮೊದಲೇ ಮನೆಯಲ್ಲಿ ಕೂತು ಅದರ ಮೇಲೆ ಕೈ ಪಳಗಿಸಿಕೊಳ್ಳಬಹುದು. ಮಕ್ಕಳ ಮಾತುಕತೆ, ಶಿಕ್ಷಕರ ಚರ್ಚೆಯ ಡೇಟಾ ಇದ್ದರೆ ವಿಸ್ಕಾನ್ಸಿನ್-ಮ್ಯಾಡಿಸನ್‌ನಲ್ಲಿ ಹುಟ್ಟಿದ ಎಪಿಸ್ಟೆಮಿಕ್ ನೆಟ್‌ವರ್ಕ್ ಅನಾಲಿಸಿಸ್ (ಮಾತಿನಲ್ಲಿ ಬರುವ ವಿಚಾರಗಳು ಒಂದಕ್ಕೊಂದು ಹೇಗೆ ಜೋಡಿಕೊಳ್ಳುತ್ತವೆ ಅಂತ ನೋಡುವ) ವಿಧಾನ ನೋಡಿ. ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿರುವ ಇಪಿಎಫ್‌ಎಲ್ ತಾಂತ್ರಿಕ ವಿಶ್ವವಿದ್ಯಾಲಯದ ಚಿಲಿ (CHILI) ಲ್ಯಾಬ್ ತರಗತಿ ಮತ್ತು ರೋಬಾಟ್ ಕೆಲಸಕ್ಕೆ ಹೆಸರಾದದ್ದು. ದೂರಶಿಕ್ಷಣದವರಿಗೆ ಮಿಲ್ಟನ್ ಕೀನ್ಸ್‌ನ ಓಪನ್ ಯೂನಿವರ್ಸಿಟಿಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನಲ್ ಟೆಕ್ನಾಲಜಿ ಇದೆ. ನಮ್ಮ ಮುಕ್ತ ವಿಶ್ವವಿದ್ಯಾಲಯಗಳಾದ ಕೆಎಸ್‌ಒಯು ಅಥವಾ ಇಗ್ನೊ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮದು ತಂತ್ರಜ್ಞಾನವನ್ನು ಪ್ರಶ್ನೆ ಮಾಡುವ ಕೆಲಸ, ಅಂದರೆ ಸರ್ಕಾರದ ಕಲಿಕಾ ಆಪ್ ದೀಕ್ಷಾ ಬಂದ ಮೇಲೆ ಶಿಕ್ಷಕರ ಕೆಲಸ ಏನಾಯಿತು ಅನ್ನುವಂಥದ್ದಾದರೆ ಎಡಿನ್‌ಬರಾ ವಿಶ್ವವಿದ್ಯಾಲಯದ ಡಿಜಿಟಲ್ ಎಜುಕೇಷನ್ ಸಂಶೋಧನಾ ಕೇಂದ್ರದಂಥ ಕಡೆ ನೋಡಿ.

ಈ ಪಟ್ಟಿಯನ್ನೇ ಹಿಡಿದುಕೊಳ್ಳಬೇಡಿ. ಪ್ರೊಫೆಸರ್‌ಗಳು ಜಾಗ ಬದಲಿಸುತ್ತಾರೆ, ನಿವೃತ್ತಿಯಾಗುತ್ತಾರೆ, ಒಂದು ಪ್ರಾಜೆಕ್ಟಿನ ದುಡ್ಡು ಮುಗಿದರೆ ಗುಂಪೇ ಚದುರುತ್ತದೆ. ನಿಮ್ಮ ಥೀಸಿಸ್‌ನ ಎರಡನೇ ಅಧ್ಯಾಯದಲ್ಲಿ ಯಾರ ಹೆಸರು ಪದೇ ಪದೇ ಬರುತ್ತಿದೆ ನೋಡಿ, ಅವರ ಕಳೆದ ಎರಡು ವರ್ಷದ ಪೇಪರ್ ತೆಗೆದು ಮೊದಲ ಹೆಸರು ಯಾರದ್ದು ಅಂತ ನೋಡಿ. ಆ ಮೊದಲ ಹೆಸರಿನವರು ಸಾಮಾನ್ಯವಾಗಿ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕರು) ಅಥವಾ ಹೊಸ ಅಸಿಸ್ಟೆಂಟ್ ಪ್ರೊಫೆಸರ್. ದಿನವೂ ನಿಮ್ಮ ಜೊತೆ ಕೂತು ಕೋಡ್ ನೋಡುವವರು ಅವರೇ. ದೊಡ್ಡವರ ಲ್ಯಾಬ್‌ಗೆ ಹೋಗಿ ಆರು ತಿಂಗಳಲ್ಲಿ ದೊಡ್ಡವರನ್ನು ನಾಲ್ಕು ಸಲ ನೋಡಿ ಬಂದವರು ಬೇಕಾದಷ್ಟು ಜನ ಇದ್ದಾರೆ.

ಮೇಲ್ ಬರೆಯುವುದು

‘ತಮ್ಮ ಘನ ಪ್ರೊಫೈಲ್ ನೋಡಿ ಪ್ರಭಾವಿತನಾದೆ’ ಅಂತ ಶುರುವಾಗುವ ಮೇಲ್ ಅಲ್ಲಿಗೇ ಡಿಲೀಟ್. ಅವರಿಗೆ ವಾರಕ್ಕೆ ಅಂಥವು ರಾಶಿ ಬರುತ್ತವೆ, ಹೆಸರು ಮಾತ್ರ ಬದಲಾಗಿರುತ್ತದೆ.

ಬರೆಯಬೇಕಾದ್ದು ಇನ್ನೂರು ಪದ. ಮೊದಲ ಸಾಲಿನಲ್ಲೇ ನೀವು ಯಾರು, ಏನು ಡೇಟಾ ಇದೆ: ‘ನಾನು ಮೈಸೂರಿನಲ್ಲಿ ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ, ಆರು ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಬ್ಬಿಬ್ಬರು ಮಕ್ಕಳು ಒಂದು ಟ್ಯಾಬ್ ಹಂಚಿಕೊಂಡು ಭಿನ್ನರಾಶಿ ಕಲಿಯುವ ಲಾಗ್ ಮತ್ತು ಆಡಿಯೊ ನನ್ನ ಹತ್ತಿರ ಇದೆ.’ ಎರಡನೆಯದು ತೊಡಕು: ‘ಒಂದೇ ಲಾಗಿನ್‌ನಲ್ಲಿ ಇಬ್ಬರು ಕೆಲಸ ಮಾಡುವುದರಿಂದ ಯಾರು ಉತ್ತರ ಒತ್ತಿದರು ಅಂತ ಗೊತ್ತಾಗುವುದಿಲ್ಲ. ನಿಮ್ಮ ಇಂಥ ಪೇಪರ್‌ನಲ್ಲಿ ಪ್ರತಿ ಮಗುವಿಗೂ ಒಂದು ಲಾಗಿನ್ ಅಂತ ಇಟ್ಟುಕೊಂಡಿದ್ದೀರಿ, ನನ್ನ ಡೇಟಾಕ್ಕೆ ಅದು ಕೂರುವುದಿಲ್ಲ.’ ಮೂರನೆಯದು ಕೋರಿಕೆ, ಅದೂ ಚಿಕ್ಕದು: ‘ಇಪ್ಪತ್ತು ನಿಮಿಷ ಆನ್‌ಲೈನ್‌ನಲ್ಲಿ ಮಾತಾಡಬಹುದಾ?’ ಜೊತೆಗೆ ಎರಡು ಪುಟದ ಒಂದು ಟಿಪ್ಪಣಿ, ಅದರಲ್ಲಿ ನಿಮ್ಮದೇ ಡೇಟಾದ ಒಂದು ಗ್ರಾಫ್. ಮೊದಲ ಮೇಲ್‌ನಲ್ಲೇ ‘ಇನ್ವಿಟೇಷನ್ ಲೆಟರ್ ಕೊಡಿ’ ಅಂತ ಕೇಳಬೇಡಿ, ಗುರುತೇ ಇಲ್ಲದವರಿಗೆ ಯಾರು ಕೊಡುತ್ತಾರೆ?

ಈ ಮೇಲ್ ಕೆಲಸ ಮಾಡುವುದಕ್ಕೆ ಒಂದು ಕಾರಣ ಇದೆ. ಲೋಕದ ಎಡ್‌ಟೆಕ್ ಸಂಶೋಧನೆಯ ಬಹುಪಾಲು ಡೇಟಾ ಶ್ರೀಮಂತ ದೇಶಗಳ ವಿದ್ಯಾರ್ಥಿಗಳದ್ದು. ಹಂಚಿಕೊಂಡ ಫೋನ್, ಹೋಗಿ ಬರುವ ಕರೆಂಟು, ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಇನ್ನೊಂದು, ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರುವ ನಲಿ-ಕಲಿ, ಇದೆಲ್ಲ ಅವರ ಮಾಡೆಲ್‌ಗಳಲ್ಲಿ ಇಲ್ಲ. ಅವರಿಗೂ ಇದು ಬೇಕು. ಹಾಗಾಗಿ ಕೈ ಮುಗಿದು ಬೇಡುವ ಧಾಟಿ ಬೇಡ.

ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಇಲ್ಲ ಅಂದರೆ ಮುಂದಿನವರಿಗೆ ಬರೆಯಿರಿ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಒಂದೇ ವಿಭಾಗದ ನಾಲ್ಕು ಜನಕ್ಕೆ ಒಟ್ಟಿಗೆ ಕಳಿಸಬೇಡಿ, ಅವರೆಲ್ಲ ಒಂದೇ ಟೇಬಲ್ಲಿನಲ್ಲಿ ಊಟ ಮಾಡುವವರು.

ದುಡ್ಡು

ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ರಿಸರ್ಚ್ ಫೆಲೋಶಿಪ್. 6ರಿಂದ 9 ತಿಂಗಳು, ವಿಮಾನದ ಟಿಕೆಟ್, ತಿಂಗಳ ಸ್ಟೈಪೆಂಡ್, ಆರೋಗ್ಯದ ವ್ಯವಸ್ಥೆ ಎಲ್ಲ ಸೇರಿರುತ್ತದೆ. ಭಾರತದ ಸಂಸ್ಥೆಯಲ್ಲಿ ಪಿಎಚ್‌ಡಿಗೆ ನೋಂದಣಿ ಆಗಿ ಕನಿಷ್ಠ ಒಂದು ವರ್ಷ ಆಗಿರಬೇಕು. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಜುಲೈ ಹೊತ್ತಿಗೆ ಬರುತ್ತದೆ, ಹೋಗುವುದು ಮುಂದಿನ ವರ್ಷ. ಅಂದರೆ ಎರಡನೇ ವರ್ಷದಲ್ಲೇ ಅರ್ಜಿ ಬರೆಯುತ್ತಿರಬೇಕು. ಜರ್ಮನಿಗೆ ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಅಲ್ಪಾವಧಿ ಸಂಶೋಧನಾ ಗ್ರಾಂಟ್, ಒಂದರಿಂದ ಆರು ತಿಂಗಳಿಗೆ. ಬ್ರಿಟನ್‌ಗೆ ಕಾಮನ್‌ವೆಲ್ತ್ ಸ್ಪ್ಲಿಟ್-ಸೈಟ್ ಸ್ಕಾಲರ್‌ಶಿಪ್, 12 ತಿಂಗಳವರೆಗೆ. ಈ ವರ್ಷ ತೆರೆದಿದೆಯಾ, ನಿಯಮ ಏನು ಅಂತ ಅವರದೇ ವೆಬ್‌ಸೈಟಿನಲ್ಲಿ ನೋಡಿ, ವಾಟ್ಸ್ಯಾಪ್‌ನಲ್ಲಿ ಬಂದ ಪಿಡಿಎಫ್ ನಂಬಬೇಡಿ.

ಯುರೋಪಿಯನ್ ಒಕ್ಕೂಟದ ವಿನಿಮಯ ಕಾರ್ಯಕ್ರಮ ಎರಾಸ್ಮಸ್ ಪ್ಲಸ್ ಬಗ್ಗೆ ನಮ್ಮಲ್ಲಿ ಕಡಿಮೆ ಜನಕ್ಕೆ ಗೊತ್ತು. ಅದು ನೀವು ನೇರವಾಗಿ ಅರ್ಜಿ ಹಾಕುವಂಥದ್ದಲ್ಲ. ನಿಮ್ಮ ವಿಶ್ವವಿದ್ಯಾಲಯಕ್ಕೂ ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇರಬೇಕು. ಒಪ್ಪಂದ ಇದ್ದರೆ 2ರಿಂದ 12 ತಿಂಗಳವರೆಗೆ ಹೋಗಬಹುದು, ಪಿಎಚ್‌ಡಿಯವರಿಗೆ 5ರಿಂದ 30 ದಿನದ ಚಿಕ್ಕ ಭೇಟಿಗೂ ಅವಕಾಶ ಇದೆ. ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗಕ್ಕೆ ಹೋಗಿ ‘ನಮಗೆ ಯಾವ ಯಾವ ಒಪ್ಪಂದ ಇದೆ?’ ಅಂತ ಕೇಳಿ. ಎಷ್ಟೋ ಕಡೆ ಸಹಿ ಆಗಿ ಫೋಟೊ ಪೇಪರಿನಲ್ಲಿ ಬಂದು ಆಮೇಲೆ ಒಬ್ಬರೂ ಬಳಸದ ಒಪ್ಪಂದಗಳು ಕಪಾಟಿನಲ್ಲಿ ಕೂತಿರುತ್ತವೆ.

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಇರುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎಸ್‌ಆರ್‌ಎಫ್ (ಸೀನಿಯರ್) ಆದರೆ 42,000 ರೂಪಾಯಿ. ಲಂಡನ್ನಿನಲ್ಲಿ ಅಷ್ಟಕ್ಕೆ ಒಂದು ಕೋಣೆ ಸಿಕ್ಕರೆ ಪುಣ್ಯ. ಅದನ್ನು ನಂಬಿ ಹೋಗೋಕಾಗಲ್ಲ. ಅಲ್ಲದೆ ಫೆಲೋಶಿಪ್ ಎರಡು ಕಡೆಯಿಂದ ತೆಗೆದುಕೊಳ್ಳಬಹುದಾ, ಇಲ್ಲಿಯದ್ದನ್ನು ಆ ತಿಂಗಳುಗಳಿಗೆ ನಿಲ್ಲಿಸಬೇಕಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ ಉತ್ತರ ತೆಗೆದುಕೊಳ್ಳಿ. ಆಮೇಲೆ ಆಡಿಟ್‌ನಲ್ಲಿ ವಸೂಲಿ ಅಂತ ಬಂದರೆ ತಲೆನೋವು.

ಇನ್ನೆರಡು ಖರ್ಚು ಯಾರ ಬಜೆಟ್‌ನಲ್ಲೂ ಇರುವುದಿಲ್ಲ. ಒಂದು ಬೆಂಚ್ ಫೀ. ಬ್ರಿಟನ್, ಆಸ್ಟ್ರೇಲಿಯಾದ ಕೆಲವು ವಿಶ್ವವಿದ್ಯಾಲಯಗಳು ಅತಿಥಿ ವಿದ್ಯಾರ್ಥಿಯಿಂದ ಡೆಸ್ಕ್, ಲೈಬ್ರರಿಗೆ ಅಂತ ದುಡ್ಡು ತೆಗೆದುಕೊಳ್ಳುತ್ತವೆ. ಪ್ರೊಫೆಸರ್ ಹೇಳಿದರೆ ಎಷ್ಟೋ ಸಲ ಮನ್ನಾ ಆಗುತ್ತದೆ, ಆದರೆ ಕೇಳಬೇಕು. ಇನ್ನೊಂದು ಮೊದಲ ತಿಂಗಳ ಕೈಖರ್ಚು. ಬಾಡಿಗೆ, ಅಡ್ವಾನ್ಸ್ ಎಲ್ಲ ಮೊದಲೇ ಕೊಡಬೇಕು, ಸ್ಟೈಪೆಂಡ್ ಬರುವುದು ಬ್ಯಾಂಕ್ ಖಾತೆ ಆದ ಮೇಲೆ. ಎರಡು ತಿಂಗಳಿಗೆ ಸಾಕಾಗುವಷ್ಟು ಫಾರೆಕ್ಸ್ ಕಾರ್ಡಿನಲ್ಲಿ ಇಟ್ಟುಕೊಂಡೇ ಹೊರಡಿ.

ಇಲ್ಲಿನ ಕಚೇರಿ ಕೆಲಸ

ಇದು ವೀಸಾಕ್ಕಿಂತ ಜಾಸ್ತಿ ದಿನ ತೆಗೆದುಕೊಳ್ಳುತ್ತದೆ. ಗೈಡ್ ಒಪ್ಪಿಗೆ, ವಿಭಾಗದ ಮುಖ್ಯಸ್ಥರ ಶಿಫಾರಸು, ಡಾಕ್ಟೋರಲ್ ಕಮಿಟಿಯ ನಿರ್ಣಯ, ರಿಜಿಸ್ಟ್ರಾರ್ ಕಚೇರಿಯ ಆದೇಶ. ಕಮಿಟಿ ಆರು ತಿಂಗಳಿಗೊಮ್ಮೆ ಸೇರುವ ಕಡೆ ಒಂದು ಸಭೆ ತಪ್ಪಿದರೆ ಅರ್ಧ ವರ್ಷ ಹೋಯಿತು. ಆದ್ದರಿಂದ ಆಹ್ವಾನ ಪತ್ರ ಬರುವ ಮೊದಲೇ ‘ಇಂಥ ಯೋಚನೆ ಇದೆ’ ಅಂತ ಪ್ರಗತಿ ವರದಿಯಲ್ಲಿ ಒಂದು ಪ್ಯಾರಾ ಬರೆದಿಡಿ. ನಿರ್ಣಯದಲ್ಲಿ ‘ಸಂಶೋಧನೆಯ ಭಾಗವಾಗಿ’ ಅಂತ ಇರಲಿ, ‘ರಜೆ’ ಅಂತ ಬರೆಸಿಕೊಳ್ಳಬೇಡಿ. ಹಾಜರಾತಿ, ಹಾಸ್ಟೆಲ್, ಫೆಲೋಶಿಪ್ ಎಲ್ಲ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ. ಫೈಲ್ ಯಾರ ಟೇಬಲ್ಲಿನ ಮೇಲಿದೆ ಅಂತ ಕೇಸ್ ವರ್ಕರ್‌ಗೆ ಗೊತ್ತಿರುತ್ತದೆ, ವಾರಕ್ಕೊಮ್ಮೆ ಹೋಗಿ ನಗುನಗುತ್ತಾ ವಿಚಾರಿಸಿಕೊಂಡು ಬನ್ನಿ.

ಸರ್ಕಾರಿ ಕಾಲೇಜು ಅಥವಾ ಶಾಲೆಯಲ್ಲಿ ಕೆಲಸ ಮಾಡುತ್ತಾ ಪಿಎಚ್‌ಡಿ ಮಾಡುತ್ತಿರುವವರು ಶಿಕ್ಷಣ ವಿಷಯದಲ್ಲಿ ತುಂಬಾ ಇದ್ದಾರೆ. ನಿಮಗೆ ಇದರ ಮೇಲೆ ಇಲಾಖೆಯ ಅನುಮತಿ, ಪಾಸ್‌ಪೋರ್ಟ್‌ಗೆ ಎನ್‌ಒಸಿ, ರಜೆ ಮಂಜೂರಾತಿ ಬೇರೆ. ವರ್ಷದ ಮೊದಲೇ ಶುರು ಮಾಡಿ.

ಗೈಡ್ ಬಗ್ಗೆ ಒಂದು ಮಾತು. ‘ಹೋಗಿ ಬೇರೆಯವರ ಕೆಲಸ ಮಾಡಿಕೊಂಡು ಬರುತ್ತಾನೆ’ ಅನ್ನುವ ಅನುಮಾನ ಎಷ್ಟೋ ಗೈಡ್‌ಗಳಿಗೆ ಇರುತ್ತದೆ, ತಪ್ಪೂ ಅಲ್ಲ. ಅಲ್ಲಿನ ಪ್ರೊಫೆಸರ್ ಜೊತೆಗಿನ ಎರಡನೇ ಆನ್‌ಲೈನ್ ಮಾತುಕತೆಗೆ ಅವರನ್ನೂ ಸೇರಿಸಿ. ಬರುವ ಪೇಪರ್‌ನಲ್ಲಿ ಯಾರ ಹೆಸರು ಎಲ್ಲಿ ಅಂತ ಅಲ್ಲೇ ಮಾತಾಗಿ, ಮೇಲ್‌ನಲ್ಲಿ ದಾಖಲಾಗಲಿ.

ಮಕ್ಕಳ ಡೇಟಾ

ಬೇರೆ ವಿಷಯದವರಿಗೆ ಇಲ್ಲದ ತೊಡಕು ನಮಗೆ ಇಲ್ಲಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವುದು ಮಕ್ಕಳ ಮುಖ, ಧ್ವನಿ, ಅಂಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಸಂಶೋಧನೆಗೆ ಷರತ್ತಿನ ಮೇಲೆ ರಿಯಾಯಿತಿ ಇದೆ, ಆದರೆ ಅದನ್ನೇ ನಂಬಿ ಒಪ್ಪಿಗೆ ಪತ್ರ ಬಿಡಬೇಡಿ. ಯುರೋಪಿನಲ್ಲಿ ಜಿಡಿಪಿಆರ್ ಅನ್ನುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಇದೆ, ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಐಆರ್‌ಬಿ ಅನ್ನುವ ಎಥಿಕ್ಸ್ ಸಮಿತಿ ಇದೆ. ಎರಡೂ ಕಡೆ ಮೊದಲು ಕೇಳುವುದು: ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಪತ್ರ ಎಲ್ಲಿ?

ನಮ್ಮ ಎಷ್ಟೋ ಶಿಕ್ಷಣ ವಿಭಾಗಗಳಲ್ಲಿ ಈ ಕಮಿಟಿಯೇ ಇರುವುದಿಲ್ಲ. ಹೆಡ್‌ಮಾಸ್ಟರ್ ಅನುಮತಿ, ಬಿಇಒ ಪತ್ರ ಸಾಕು ಅಂತ ಕೆಲಸ ನಡೆಯುತ್ತದೆ. ವಿದೇಶದಲ್ಲಿ ಅದು ಸಾಕಾಗುವುದಿಲ್ಲ. ಡೇಟಾ ತೆಗೆದ ಮೇಲೆ ಹಿಂದಿನ ತಾರೀಖಿಗೆ ಎಥಿಕ್ಸ್ ಪತ್ರ ತರುವುದೂ ಸರಿಯಲ್ಲ. ಹಾಗಾಗಿ ಮೊದಲ ಶಾಲೆಗೆ ಕಾಲಿಡುವ ಮೊದಲೇ ವಿಶ್ವವಿದ್ಯಾಲಯದ ಯಾವುದಾದರೂ ವಿಭಾಗದ ಎಥಿಕ್ಸ್ ಕಮಿಟಿಯಿಂದ ಒಪ್ಪಿಗೆ ತೆಗೆದುಕೊಳ್ಳಿ, ಸೈಕಾಲಜಿ ವಿಭಾಗದಲ್ಲಿ ಸಾಮಾನ್ಯವಾಗಿ ವಿಚಾರಿಸಬಹುದು. ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲೇ, ಅವರಿಗೆ ಓದಿದರೆ ತಿಳಿಯುವ ಹಾಗೆ ಇರಲಿ. ಅದರಲ್ಲಿ ‘ಹೆಸರು ತೆಗೆದ ಮಾಹಿತಿಯನ್ನು ಬೇರೆ ದೇಶದ ಸಂಶೋಧಕರ ಜೊತೆಯೂ ನೋಡಬಹುದು’ ಅನ್ನುವ ಸಾಲು ಮರೆಯಬೇಡಿ. ಈ ಒಂದು ಸಾಲು ಇಲ್ಲದೆ ಇಡೀ ಡೇಟಾವನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಹೊರಡುವ ಮೊದಲು ಹೆಸರು ಶಾಲೆ ಎಲ್ಲ ತೆಗೆದು ಕೋಡ್ ಕೊಡಿ, ಕೋಡ್‌ಗೆ ಹೆಸರು ಹೊಂದಿಸುವ ಪಟ್ಟಿ ಇಲ್ಲೇ ಗೈಡ್ ಹತ್ತಿರ ಇರಲಿ. ವಿಡಿಯೊ ಒಯ್ಯುವುದನ್ನು ಆದಷ್ಟು ತಪ್ಪಿಸಿ, ಬರೆದಿಳಿಸಿದ ಪಠ್ಯ ಒಯ್ಯಿರಿ. ಕನ್ನಡದ ಮಾತುಕತೆಯನ್ನು ಇಂಗ್ಲಿಷ್‌ಗೆ ಮಾಡುವ ಕೆಲಸ ಇಲ್ಲೇ ಮುಗಿಸಿ. ಅಲ್ಲಿ ಕೂತು ಮಾಡಿದರೆ ಕಲಿಯಬೇಕಾದ ಸಮಯವೆಲ್ಲ ಅದಕ್ಕೇ ಹೋಗುತ್ತದೆ.

ವೀಸಾ

ಅಮೆರಿಕಕ್ಕೆ ಜೆ-1, ಅಂದರೆ ವಿನಿಮಯ ಕಾರ್ಯಕ್ರಮದಲ್ಲಿ ಬರುವವರ ವೀಸಾ. ಅಲ್ಲಿನ ವಿಶ್ವವಿದ್ಯಾಲಯ ಡಿಎಸ್-2019 ಅನ್ನುವ ಫಾರ್ಮ್ ಕಳಿಸಬೇಕು, ಅದು ಬಂದ ಮೇಲೆಯೇ ಇಂಟರ್‌ವ್ಯೂ ದಿನ. ಇದರಲ್ಲಿ ಒಂದು ಸಣ್ಣ ವಿಷಯ ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಜೆ-1ರಲ್ಲಿ ಬೇರೆ ಬೇರೆ ವರ್ಗ ಇವೆ. ಆ ಫಾರ್ಮ್‌ನಲ್ಲಿ ‘ರಿಸರ್ಚ್ ಸ್ಕಾಲರ್’ ಅಂತ ಹಾಕಿ ಆರು ತಿಂಗಳು ಇದ್ದು ಬಂದರೆ, ಆಮೇಲೆ 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಹೋಗೋಕೆ ಬರುವುದಿಲ್ಲ. ಪಿಎಚ್‌ಡಿ ಮುಗಿದ ತಕ್ಷಣ ಅಲ್ಲೇ ಪೋಸ್ಟ್‌ಡಾಕ್ ಸಿಕ್ಕರೆ ಇದು ಅಡ್ಡ ಬರುತ್ತದೆ. ಆರು ತಿಂಗಳೊಳಗಿನ ಭೇಟಿಯಾದರೆ ‘ಶಾರ್ಟ್-ಟರ್ಮ್ ಸ್ಕಾಲರ್’ ವರ್ಗ ಕೊಡಬಹುದಾ ಅಂತ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಕೇಳಿ. ಅದಕ್ಕೆ ಈ 24 ತಿಂಗಳ ತಡೆ ಇಲ್ಲ, ಆದರೆ ಆರು ತಿಂಗಳ ಮೇಲೆ ಒಂದು ದಿನವೂ ವಿಸ್ತರಣೆ ಇಲ್ಲ. ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು ಅನ್ನುವ ನಿಯಮ ಬೇರೆ. ಅದು ಯಾವ ದೇಶದ ಯಾವ ವಿಷಯದವರಿಗೆ ಅಂತ ಹೇಳುವ ಸ್ಕಿಲ್ಸ್ ಲಿಸ್ಟ್‌ನಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ತೆಗೆದರು, ಆದರೆ ಫುಲ್‌ಬ್ರೈಟ್‌ನಂತೆ ಸರ್ಕಾರದ ದುಡ್ಡಿನಲ್ಲಿ ಹೋದವರಿಗೆ ಅದು ಈಗಲೂ ಅನ್ವಯಿಸುತ್ತದೆ.

ಇನ್ಶೂರೆನ್ಸ್ ಅಗ್ಗದ್ದು ಸಿಕ್ಕಿತು ಅಂತ ಇಲ್ಲಿಂದಲೇ ಕೊಳ್ಳುವ ಮೊದಲು ಜೆ-1ರ ನಿಯಮ ನೋಡಿ: ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು.

ಷೆಂಗೆನ್ ದೇಶಗಳಿಗೆ (ಒಂದೇ ಅಲ್ಪಾವಧಿ ವೀಸಾ ನಡೆಯುವ ಯುರೋಪಿನ ದೇಶಗಳು) 180 ದಿನದಲ್ಲಿ 90 ದಿನದವರೆಗೆ ಅಲ್ಪಾವಧಿ ವೀಸಾ, ಅದಕ್ಕಿಂತ ಜಾಸ್ತಿ ಆದರೆ ಆಯಾ ದೇಶದ ನ್ಯಾಷನಲ್ ವೀಸಾ ಅಥವಾ ರೆಸಿಡೆನ್ಸ್ ಪರ್ಮಿಟ್. ಮೂರು ತಿಂಗಳು ಸಾಕು ಅಂತ ಅಲ್ಪಾವಧಿ ವೀಸಾದಲ್ಲಿ ಹೋಗಿ ಅಲ್ಲಿ ವಿಸ್ತರಿಸಿಕೊಳ್ಳುತ್ತೇನೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಜರ್ಮನಿಯ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ, ಅದೊಂದು ಅನುಕೂಲ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಸ್ನೇಹಿತರ ಕೋಣೆಯಲ್ಲಿ ಸುಮ್ನೆ ಚಾಪೆ ಹಾಕಿಕೊಂಡು ಇದ್ದರೆ ಈ ಪತ್ರ ಸಿಗುವುದಿಲ್ಲ, ಪತ್ರ ಇಲ್ಲದೆ ಬ್ಯಾಂಕ್ ಖಾತೆಯೂ ಕಷ್ಟ. ಬ್ರಿಟನ್‌ಗೆ ಆರು ತಿಂಗಳೊಳಗೆ ಆದರೆ ವಿಸಿಟರ್ ವೀಸಾ ಸಾಕಾಗಬಹುದು, ಅದಕ್ಕಿಂತ ಜಾಸ್ತಿ ಆದರೆ ಬೇರೆ ವೀಸಾ, ಜೊತೆಗೆ ಟಿಬಿ ಪರೀಕ್ಷೆ. ಜಪಾನ್‌ಗೆ 90 ದಿನ ದಾಟಿದರೆ ಅಲ್ಲಿನ ವಿಶ್ವವಿದ್ಯಾಲಯ ನಿಮ್ಮ ಪರವಾಗಿ ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ ತೆಗೆಸಿ ಕಳಿಸಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಅಲ್ಲಿ ಹೋದ ಮೇಲೆ

ಮೊದಲ ಹದಿನೈದು ದಿನದೊಳಗೆ ಲ್ಯಾಬ್ ಮೀಟಿಂಗ್‌ನಲ್ಲಿ ಅರ್ಧ ಗಂಟೆ ಮಾತಾಡಲು ನೀವೇ ಕೇಳಿ. ನಿಮ್ಮ ಶಾಲೆಗಳು ಹೇಗಿವೆ, ತರಗತಿ ಹೇಗೆ ನಡೆಯುತ್ತದೆ ಅಂತ ಫೋಟೊ ಸಮೇತ ಹೇಳಿ, ಮಕ್ಕಳ ಮುಖ ಕಾಣದ ಫೋಟೊ. ಆಮೇಲೆ ಕಾಫಿ ಮೆಷಿನ್ ಹತ್ತಿರ ಜನ ತಾವಾಗಿ ಬಂದು ಮಾತಾಡಿಸುತ್ತಾರೆ. ಇಲ್ಲದಿದ್ದರೆ ಮೂಲೆಯ ಡೆಸ್ಕಿನಲ್ಲಿ ಕೂತ ಭಾರತದ ವಿದ್ಯಾರ್ಥಿ ಅಂತಷ್ಟೇ ಗೊತ್ತಾಗಿ, ಅಲ್ಲಿಗೇ ನಿಲ್ಲುತ್ತದೆ.

ಪ್ರೊಫೆಸರ್‌ರನ್ನು ಹೆಸರು ಹಿಡಿದು ಕರೆಯೋಕೆ ನಮಗೆ ಬಾಯಿ ಬರುವುದಿಲ್ಲ. ಯುರೋಪ್, ಅಮೆರಿಕದ ಹೆಚ್ಚಿನ ಕಡೆ ಅವರೇ ಹೆಸರಿನಿಂದ ಕರೆಯಿರಿ ಅನ್ನುತ್ತಾರೆ, ಕರೆಯಿರಿ. ಜಪಾನ್‌ನಲ್ಲಿ ಮಾತ್ರ ಹೆಸರಿನ ಜೊತೆ ‘ಸೆನ್ಸೆ’ ಸೇರಿಸಿ, ಅದು ನಮ್ಮ ‘ಮೇಷ್ಟ್ರು’ ಇದ್ದ ಹಾಗೇ. ಕಷ್ಟದ್ದು ಹೆಸರಲ್ಲ, ಒಪ್ಪದಿದ್ದಾಗ ಒಪ್ಪುವುದಿಲ್ಲ ಅಂತ ಹೇಳುವುದು. ಅವರು ಹೇಳಿದ ವಿಧಾನ ನಿಮ್ಮ ಡೇಟಾಕ್ಕೆ ಕೂರುತ್ತಿಲ್ಲ ಅಂತ ಕಂಡರೆ ಮೀಟಿಂಗ್‌ನಲ್ಲೇ ಹೇಳಬೇಕು. ತಲೆ ಅಲ್ಲಾಡಿಸಿ ಬಂದು ಮೂರು ವಾರ ಒದ್ದಾಡಿದರೆ ಅವರಿಗೂ ಬೇಜಾರು.

ವಾರಕ್ಕೊಂದು ಮೀಟಿಂಗ್ ಗೊತ್ತು ಮಾಡಿಕೊಳ್ಳಿ, ಹಿಂದಿನ ಸಂಜೆ ಒಂದು ಪುಟದ ಟಿಪ್ಪಣಿ ಕಳಿಸಿ: ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಏನು ಕೇಳಬೇಕು. ಈ ಟಿಪ್ಪಣಿಗಳೇ ಕೊನೆಗೆ ಪೇಪರ್‌ನ ವಿಧಾನದ ಭಾಗವಾಗುತ್ತವೆ. ನಿಮ್ಮ ಪ್ರಶ್ನೆ ಬಿಟ್ಟು ಅವರ ಪ್ರಾಜೆಕ್ಟಿನ ಕೋಡಿಂಗ್ ಕೆಲಸ ಕೊಟ್ಟರೆ ಸ್ವಲ್ಪ ಮಾಡಿ, ಲ್ಯಾಬ್‌ನ ಒಳಗಿನ ಪದ್ಧತಿ ತಿಳಿಯುವುದು ಅದರಿಂದಲೇ. ವಾರಕ್ಕೆ ಒಂದು ದಿನ ದಾಟಿದರೆ ನಯವಾಗಿ ಹೇಳಿ. ಸಾಧ್ಯವಾದರೆ ಅಲ್ಲಿನ ಒಂದು ಶಾಲೆಗೂ ಹೋಗಿ ಬನ್ನಿ. ಅವರ ಸಾಫ್ಟ್‌ವೇರ್ ಯಾವ ಥರದ ತರಗತಿ ನೋಡಿಕೊಂಡು ಕಟ್ಟಿದ್ದು ಅಂತ ಕಣ್ಣಾರೆ ಕಂಡರೆ, ಅದು ನಮ್ಮಲ್ಲಿ ಎಲ್ಲಿ ಮುರಿಯುತ್ತದೆ ಅಂತ ನಿಮಗೇ ಹೊಳೆಯುತ್ತದೆ.

ಊಟದ್ದು ಹೆಚ್ಚು ಹೇಳುವುದಿಲ್ಲ. ಫಿನ್ಲೆಂಡ್‌ನಲ್ಲಿ ಹನ್ನೊಂದಕ್ಕೆಲ್ಲ ಮಧ್ಯಾಹ್ನದ ಊಟ ಶುರು, ಒಟ್ಟಿಗೆ ಹೋಗಿ. ಡಬ್ಬಿ ತಂದು ಒಬ್ಬರೇ ತಿಂದರೆ ಅರ್ಧ ಮಾತುಕತೆ ತಪ್ಪಿಹೋಗುತ್ತದೆ.

ಹೊರಡುವ ಮೊದಲು

ಪೇಪರ್‌ನ ಪೂರ್ತಿ ಕರಡು ಅಲ್ಲಿರುವಾಗಲೇ ಆಗಬೇಕು, ಎಷ್ಟೇ ಒರಟಾಗಿದ್ದರೂ ಪರವಾಗಿಲ್ಲ. ವಾಪಸ್ ಬಂದ ಮೇಲೆ ಬರೆಯುತ್ತೇನೆ ಅಂದದ್ದು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಇಲ್ಲಿ ಬಂದ ತಕ್ಷಣ ಪರೀಕ್ಷಾ ಡ್ಯೂಟಿ, ನ್ಯಾಕ್ ಮೌಲ್ಯಮಾಪನದ ಫೈಲು ಕಾಯುತ್ತಿರುತ್ತದೆ. ಅಲ್ಲಿನ ಮೇಲ್ ಐಡಿ, ಸರ್ವರ್ ಹೊರಟ ದಿನವೇ ಬಂದ್ ಆಗಬಹುದು. ಕೋಡ್, ಟಿಪ್ಪಣಿ ನಿಮ್ಮ ಜಾಗಕ್ಕೆ ತಂದುಕೊಳ್ಳಿ, ಅವರ ಡೇಟಾ ಅವರಲ್ಲೇ ಬಿಡಿ.

ಪ್ರೊಫೆಸರ್‌ರಿಂದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತೆಗೆದುಕೊಳ್ಳಿ: ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಇಂಥ ಕೆಲಸ ಮಾಡಿದರು, ಸಹಿ, ಸಾಧ್ಯವಾದರೆ ಸೀಲು. ಅಲ್ಲಿ ಸೀಲು ಅಂದರೆ ನಗುತ್ತಾರೆ, ಆದರೂ ಕೇಳಿ, ಇಲ್ಲಿನ ಫೈನಾನ್ಸ್ ಸೆಕ್ಷನ್‌ಗೆ ಅದೇ ಬೇಕು. ಬೋರ್ಡಿಂಗ್ ಪಾಸ್ ಹೋಗುವುದು ಬರುವುದು ಎರಡೂ ಇಟ್ಟುಕೊಳ್ಳಿ, ಫೋನಿನಲ್ಲಿ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ವಿಮಾನ ಹಾರಿದ ಮೇಲೆ ಆಪ್‌ನಿಂದ ಮಾಯವಾಗುತ್ತದೆ. ಪಾಸ್‌ಪೋರ್ಟಿನ ಮುದ್ರೆ ಇರುವ ಪುಟದ ಜೆರಾಕ್ಸ್, ಬಾಡಿಗೆ ರಸೀದಿ, ಇನ್ಶೂರೆನ್ಸ್ ಕಾಗದ ಎಲ್ಲ ಒಂದು ಫೈಲಿನಲ್ಲಿ ಹಾಕಿ, ವಾಪಸ್ ಬಂದ ಮೊದಲ ವಾರವೇ ವರದಿ ಜೊತೆ ಸಲ್ಲಿಸಿ ಸ್ವೀಕೃತಿ ತೆಗೆದುಕೊಳ್ಳಿ. ಮಾರ್ಚ್ 31 ದಾಟಿದರೆ ಆ ಬಿಲ್ಲು ಮುಂದಿನ ಆರ್ಥಿಕ ವರ್ಷಕ್ಕೆ ಹೋಗುತ್ತದೆ, ಆಮೇಲೆ ಅದನ್ನು ಹಿಂಬಾಲಿಸುವುದು ಬೇರೆಯದೇ ಒಂದು ಕೆಲಸ.